ದೇವರ ಮನೆಯ ಮೃದಂಗ

ರವೆ ಇನ್ನೂ ಅಂಗೈಗೆ ಅಂಟುತ್ತಿತ್ತು. ರಂಗನಾಯಕಿ ಬೆರಳ ತುದಿಯಿಂದ ನೀರು ಚಿಮುಕಿಸಿ ಮತ್ತೆ ನಾದಿದಳು. ತೀರಾ ಮೆತ್ತಗಾದರೆ ಚರ್ಮದ ಮೇಲೆ ನಿಲ್ಲದೆ ಜಾರುತ್ತದೆ, ಗಟ್ಟಿಯಾದರೆ ನುಡಿಸುತ್ತಿರುವಾಗಲೇ ಒಣಗಿ ಉದುರುತ್ತದೆ. ಒಲೆಯ ಮೇಲೆ ಬೇಳೆ ಉಕ್ಕಿ ಬಂತು. ಎಡಗೈಯಲ್ಲಿ ಮುಚ್ಚಳ ಸರಿಸಿ, ಬಲಗೈಯ ಮುದ್ದೆಯನ್ನು ಉಂಡೆ ಮಾಡಿ ಬಾಳೆಲೆಯ ಚೂರಿನ ಮೇಲಿಟ್ಟಳು. ಮೃದಂಗದ ಎಡಗಡೆಗೆ ಹಚ್ಚುವ ಈ ರವೆ ಕಲಸುವುದು, ಫಿಲ್ಟರಿಗೆ ಪುಡಿ ಹಾಕುವುದಕ್ಕೂ ಹುಳಿಗೆ ತರಕಾರಿ ಹೆಚ್ಚುವುದಕ್ಕೂ ನಡುವೆ, ಅವಳ ಬೆಳಗಿನ ಕೆಲಸಗಳಲ್ಲಿ ಒಂದಾಗಿ ವರ್ಷಗಳೇ ಕಳೆದಿದ್ದವು.

"ರವೆ ಆಯ್ತೇನಮ್ಮಾ?" ನಡುಮನೆಯಿಂದ ಮಾವ ಅಪ್ಪಾಜಿ ಕೂಗಿದರು.

"ತಂದೆ ಮಾವ."

ನಡುಮನೆಯ ಚಾಪೆಯ ಮೇಲೆ ಮಗಳು ಶ್ರೀಗೌರಿ ಆಗಲೇ ಕೂತಿದ್ದಳು. ಎಂಟನೇ ಕ್ಲಾಸಿನ ಹುಡುಗಿ, ಎರಡು ಜಡೆ ಮೇಲಕ್ಕೆ ಮಡಿಚಿ ಕಟ್ಟಿದ್ದಳು, ಹಣೆಗೆ ವಿಭೂತಿ ಇಟ್ಟಿದ್ದಳು. ಅವಳ ಪಕ್ಕದಲ್ಲಿ ಪೇಟೆ ಬೀದಿಯ ಮೇಷ್ಟರ ಮಗ ವಿಶ್ವಾಸ್ ತನ್ನ ಮೃದಂಗ ಇಟ್ಟುಕೊಂಡು ಆಕಳಿಸುತ್ತಿದ್ದ. ಅಪ್ಪಾಜಿ ಪೋಸ್ಟಾಫೀಸಿನಿಂದ ನಿವೃತ್ತರಾಗಿ ಬಹಳ ಕಾಲವಾಗಿತ್ತು. ಹೊಳೆನರಸೀಪುರದ ಕೋಟೆ ಬೀದಿಯಲ್ಲಿ ಅವರನ್ನು ಪೋಸ್ಟ್‌ಮಾಸ್ಟರ್ ಎಂದು ಕರೆಯುವವರು ಈಗ ಯಾರೂ ಇರಲಿಲ್ಲ. ಮೃದಂಗದ ಅಪ್ಪಾಜಿ ಎಂದರೆ ಎಲ್ಲರಿಗೂ ಗೊತ್ತಿತ್ತು.

ಮೊಮ್ಮಗಳು ರವೆ ಹಚ್ಚಿ ಎಡಗೈ ಇಟ್ಟು ನೋಡಿದಳು. ಗುಂಯ್ ಎಂದಿತು.

"ಎಡ ಮಾತಾಡ್ತಾ ಇದೆ," ಅಪ್ಪಾಜಿ ನಕ್ಕರು. "ಇನ್ನು ನೀನು ಮಾತಾಡ್ಸು. ನಿಧಾನವಾಗಿ ಎತ್ಕೋ. ರೈಲು ಹಿಡಿಯೋಕೆ ಹೊರಟವಳ ಹಾಗೆ ಓಡ್ಬೇಡ."

"ಸ್ಪರ್ಧೇಲಿ ಎಂಟು ನಿಮಿಷದೊಳಗೆ ಮುಗಿಸ್ಬೇಕಲ್ಲ ತಾತ. ಇಲ್ದಿದ್ರೆ ಗಂಟೆ ಹೊಡೀತಾರಂತೆ."

"ಹೊಡೀಲಿ. ತಾಳದಲ್ಲಿ ಹೊಡೆದ್ರೆ ಅದನ್ನೂ ಸೇರಿಸ್ಕೊಂಡು ನುಡಿಸು."

ವಿಶ್ವಾಸನಿಗೆ ನಗು ತಡೆಯಲಾಗಲಿಲ್ಲ. ಶ್ರೀಗೌರಿ ಕಣ್ಣು ಬಿಟ್ಟು ಅವನನ್ನು ನೋಡಿ, ಆದಿತಾಳದಲ್ಲಿ ತನಿ ಎತ್ತಿಕೊಂಡಳು. ಹಾಡುವವರು ನಿಲ್ಲಿಸಿ ಮೃದಂಗದವರೊಬ್ಬರಿಗೇ ಬಿಟ್ಟುಕೊಡುವ ಹೊತ್ತು ಅದು. ಸ್ಪರ್ಧೆಯಲ್ಲಿ ಹಾಡೇ ಇರುವುದಿಲ್ಲ, ತನಿ ಮಾತ್ರ. ಅದಕ್ಕಾಗಿ ಅಪ್ಪಾಜಿ ಮೊಮ್ಮಗಳ ಕೈಗೆ ಹೊಂದುವಂತೆ ಹೊಸದೊಂದು ಕೋರ್ವೆ ಕಟ್ಟಿದ್ದರು. ಕೊನೆಗೆ ಮೂರು ಸಲ ಬರುವ ಆ ಜತಿಗಳ ಕಟ್ಟನ್ನು ಮೂರನೆಯ ಸಲ ಅರ್ಧ ಅಕ್ಷರ ಬಿಟ್ಟು ಎತ್ತಬೇಕು. ಅಲ್ಲಿ ಅವಳು ದಿನವೂ ಎಡವುತ್ತಿದ್ದಳು.

"ಮತ್ತೆ," ಎನ್ನುತ್ತಿದ್ದರು ಅಪ್ಪಾಜಿ. "ಅಲ್ಲಿ ಉಸಿರು ಬಿಡು. ಉಸಿರು ಬಿಟ್ಟಷ್ಟೇ ಹೊತ್ತು."

ಮನೆಯಲ್ಲಿ ಎರಡು ಮೃದಂಗವಿದ್ದವು. ಒಂದು ಹಳೆಯದು, ಅಟ್ಟದ ಮೇಲೆ, ಚರ್ಮ ಹರಿದದ್ದು. ಇನ್ನೊಂದು ಶ್ರೀಗೌರಿ ನುಡಿಸುತ್ತಿದ್ದುದು. ಅಪ್ಪಾಜಿಯವರ ಗುರುಗಳು ಕೊಟ್ಟ ಹಲಸಿನ ಮರದ ಮೃದಂಗ ಅದು. ಪಾಠ ಮುಗಿದ ಕೂಡಲೇ ಅದು ದೇವರ ಮನೆಗೆ ಹೋಗುತ್ತಿತ್ತು. ನಂದಿಯ ವಾದ್ಯ ಎಂದು ದಿನವೂ ಅದಕ್ಕೊಂದು ಹೂವು, ಒಂದು ಮಂಗಳಾರತಿ.

ಹಿಂದಿನ ವರ್ಷ ಶ್ರೀಗೌರಿ ದೊಡ್ಡವಳಾದಾಗ ಅಜ್ಜಿ ನಂಜಮ್ಮ, "ಇನ್ನು ಈ ಢಂಕಾ ನಿಲ್ಲಿಸ್ಲಿ," ಎಂದಿದ್ದರು. ಅಪ್ಪಾಜಿ ಒಪ್ಪಿರಲಿಲ್ಲ. "ಹೊರಗಾದ ದಿನ ಮುಟ್ಟೋದು ಬೇಡ. ಅಷ್ಟೇ. ಮಿಕ್ಕ ದಿನ ಅವಳ ಕೈ ನಿಲ್ಲಿಸೋಕೆ ನಾನ್ಯಾರು, ನೀನ್ಯಾರು?" ಎಂದಿದ್ದರು. ಆ ಮಾತು ಕೇಳಿ ರಂಗನಾಯಕಿಗೆ ಅಂದು ಮಾವನ ಕಾಲಿಗೆ ಬೀಳಬೇಕು ಅನ್ನಿಸಿತ್ತು. ಅಂಥ ದಿನಗಳಲ್ಲಿ ಹುಡುಗಿ ಬೀದಿ ಕಡೆಯ ಕೋಣೆಯಲ್ಲಿ ಚಾಪೆ ಹಾಕಿಕೊಂಡು, ತಟ್ಟೆ ಲೋಟ ಬೇರೆ ಇಟ್ಟುಕೊಂಡು, ತೊಡೆಯ ಮೇಲೆ ಬೆರಳಾಡಿಸುತ್ತಾ ಕೂರುತ್ತಿದ್ದಳು. ಶಾಲೆಗೆ ಹೋಗಬಹುದಿತ್ತು. ದೇವರ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ.

ರಂಗನಾಯಕಿಯ ಗಂಡ ಶ್ರೀಕಂಠ ರೈಲಿನಲ್ಲಿ ದಿನವೂ ಹಾಸನದ ಆಫೀಸಿಗೆ ಹೋಗಿ ಬರುತ್ತಿದ್ದ. ಒಂದು ಸಂಜೆ ಊಟಕ್ಕೆ ಕೂತಾಗ ಅವನೇ ವಿಷಯ ಎತ್ತಿದ.

"ಅಪ್ಪಾ, ಈ ಸ್ಪರ್ಧೆ ಒಂದು ಆಗ್ಲಿ. ಆಮೇಲೆ ಇವಳ ವಿಚಾರ ಒಂದು ತೀರ್ಮಾನ ಮಾಡ್ಬಿಡೋಣ."

"ಏನು ತೀರ್ಮಾನ?"

"ಬರೋ ವರ್ಷ ಒಂಬತ್ತು, ಅದರ ಮುಂದಿನ್ದು ಎಸ್ಸೆಸ್ಸೆಲ್ಸಿ. ಗಣಿತದಲ್ಲಿ ಎಷ್ಟು ತೆಗೆದಿದಾಳೆ ಕೇಳಿ."

"ನನ್ನ ತಾಳ ಲೆಕ್ಕದಲ್ಲಿ ಅವಳು ಪೂರ್ತಿ," ಅಪ್ಪಾಜಿ ಹುಳಿ ಕಲಸುತ್ತಾ ಅಂದರು.

"ತಾಳದ ಲೆಕ್ಕಕ್ಕೆ ಯಾರೂ ಸೀಟು ಕೊಡಲ್ಲ ಅಪ್ಪ. ನೋಡಿ, ಬಹುಮಾನ ಬಂದ್ರೆ ಆಯ್ತು, ನೀವು ಹೇಳೋ ಹಾಗೆ ಮೈಸೂರಿಗೆ ನಿಮ್ಮ ಸ್ನೇಹಿತರ ಹತ್ರ ಭಾನುವಾರ ಪಾಠಕ್ಕೆ ಕಳಿಸ್ತೀನಿ. ನಾನೇ ಕರ್ಕೊಂಡು ಹೋಗ್ತೀನಿ. ಬರ್ಲಿಲ್ಲ ಅಂದ್ರೆ ಬೆಳಿಗ್ಗೆ ಹೊತ್ತು ಟ್ಯೂಷನ್ನು. ಮೃದಂಗ ಸಾಕು."

ಶ್ರೀಗೌರಿ ತುತ್ತು ಬಾಯಿಗಿಡದೆ ಅಪ್ಪನನ್ನು ನೋಡಿದಳು. "ಯಾವ ಬಹುಮಾನ ಬಂದ್ರೂ ಸರೀನಾ ಅಪ್ಪ?"

"ಮೂರರಲ್ಲಿ ಒಂದು ಬಾ, ಸಾಕು."

"ಮಾತು ತಪ್ಪೋ ಹಾಗಿಲ್ಲ."

"ತಪ್ಪಲ್ಲ ಕಣೇ. ಮೊದಲು ಅನ್ನ ತಿನ್ನು."

ನಂಜಮ್ಮ ಮಜ್ಜಿಗೆ ಬಡಿಸುತ್ತಾ, "ಅಪ್ಪ ಮಗಳು ಛಾಪಾ ಕಾಗದದ ಮೇಲೆ ಬರ್ಕೊಂಡ್ಬಿಡಿ," ಎಂದರು. ಎಲ್ಲರೂ ನಕ್ಕರು. ರಂಗನಾಯಕಿಯೂ ನಕ್ಕಳು. ಆಮೇಲೆ ಪಾತ್ರೆಗಳನ್ನು ಹಿತ್ತಿಲಿಗೆ ಸಾಗಿಸುವಾಗ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಳು. ಹಾಸನದ ಸ್ಪರ್ಧೆಯ ಭಾನುವಾರಕ್ಕೆ ಶ್ರೀಗೌರಿ ಕೆಂಪು ಪೆನ್ನಿನಲ್ಲಿ ಮೃದಂಗದ ಚಿತ್ರ ಬರೆದಿದ್ದಳು. ರಂಗನಾಯಕಿ ಹಿಂದಿನ ತಿಂಗಳಿನಿಂದ ಬೆರಳು ಮಡಿಚಿ ಎಣಿಸಿಕೊಂಡು ಬಂದಳು. ಬೆರಳು ಸರಿಯಾಗಿ ಆ ಮೃದಂಗದ ಮೇಲೆಯೇ ಬಂದು ನಿಂತಿತು.

"ಏನು ನೋಡ್ತಾ ಇದೀಯ?" ಹಿಂದಿನಿಂದ ಅತ್ತೆ ಬಂದರು.

"ಏನಿಲ್ಲ ಅತ್ತೆ."

ನಂಜಮ್ಮ ಕ್ಯಾಲೆಂಡರ್ ನೋಡಿದರು, ಸೊಸೆಯ ಮುಖ ನೋಡಿದರು. ಅವರಿಗೂ ಆ ಲೆಕ್ಕ ಗೊತ್ತಿಲ್ಲದೆ ಇರಲಿಲ್ಲ. ಈ ಮನೆಯಲ್ಲಿ ಯಾವ ಹೆಂಗಸಿನ ಲೆಕ್ಕವೂ ಅವರಿಗೆ ತಿಳಿಯದೆ ಇರುತ್ತಿರಲಿಲ್ಲ.

"ಅದಕ್ಕ್ಯಾಕೆ ಮುಖ ಸಣ್ಣ ಮಾಡ್ಕೊಂಡಿದೀಯ? ಮಾತ್ರೆ ಕೊಡು. ಗೌರಿ ಹಬ್ಬಕ್ಕೆ, ತಿಥಿಗೆ ನೀನು ನುಂಗೋದಿಲ್ವೇ? ಹಾಗೇ."

"ಅವಳಿನ್ನೂ ಮಗು ಅತ್ತೆ."

"ಮಗು ಆಗಿದ್ರೆ ಮಾತ್ರೇನೇ ಬೇಕಿರ್ಲಿಲ್ವಲ್ಲ."

ದಿನ ಮುಂದಕ್ಕೆ ಹಾಕುವ ಆ ಮಾತ್ರೆ ರಂಗನಾಯಕಿಗೆ ಹೊಸದಲ್ಲ. ಮದುವೆಯಾಗಿ ಬಂದ ವರ್ಷದಿಂದ ಅವಳು ಅದನ್ನು ನುಂಗುತ್ತಾ ಬಂದಿದ್ದಳು. ಕೋಟೆ ಬೀದಿಯ ಹೆಂಗಸರೆಲ್ಲ ನುಂಗುತ್ತಿದ್ದರು. ಹಬ್ಬದ ಮುಂಚಿನ ವಾರ ಔಷಧಿ ಅಂಗಡಿಯಲ್ಲಿ ಹೆಸರು ಹೇಳಬೇಕಾಗಿರಲಿಲ್ಲ, ಮುಖ ನೋಡಿಯೇ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ತನಗೆ ಏನೂ ಆಗಿಲ್ಲವಲ್ಲ ಎಂದುಕೊಂಡಳು. ತಲೆನೋವು ಬರುತ್ತಿತ್ತು, ಮೈ ಭಾರವಾಗುತ್ತಿತ್ತು, ಆದರೆ ಹಬ್ಬದ ಅಡುಗೆಯಲ್ಲಿ ಯಾರಿಗೆ ತಲೆನೋವು ಬರುವುದಿಲ್ಲ? ಡಾಕ್ಟರನ್ನು ಕೇಳಬೇಕು ಎಂದು ಅವಳಿಗೆ ಹೊಳೆಯಲೇ ಇಲ್ಲ. ಡಾಕ್ಟರನ್ನು ಕೇಳುವುದು ಕಾಯಿಲೆಗೆ.

ಶ್ರೀಗೌರಿ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, "ಇದು ತಗೊಂಡ್ರೆ ಭಾನುವಾರ ನಾನು ಮೃದಂಗ ಮುಟ್ಬಹುದಾ?" ಎಂದು ಕೇಳಿದಳು.

"ಹೂಂ."

"ಹಾಗಿದ್ರೆ ಪ್ರತಿ ತಿಂಗಳೂ ಕೊಟ್ಬಿಡು," ಎಂದು ನೀರು ಕುಡಿದಳು.

ಸ್ಪರ್ಧೆಗೆ ಇನ್ನು ಮೂರು ದಿನವಿದೆ ಎನ್ನುವಾಗ ಹಾಸನದಿಂದ ಫೋನು ಬಂತು. ಅಪ್ಪಾಜಿ ಎರಡೆರಡು ಸಲ "ಹಾಂ? ಹಾಂ?" ಎಂದು ಕೇಳಿ ಕೆಳಗಿಟ್ಟರು. ಸ್ಪರ್ಧೆಯ ಸಭಾಂಗಣಕ್ಕೆ ಆ ದಿನ ಯಾರೋ ಮಂತ್ರಿಗಳ ಸನ್ಮಾನ ಬಂದು, ಸ್ಪರ್ಧೆ ಮುಂದಿನ ಭಾನುವಾರಕ್ಕೆ ಹೋಗಿತ್ತು.

"ಒಳ್ಳೇದೇ ಆಯ್ತು," ಎಂದರು ಅಪ್ಪಾಜಿ ಖುಷಿಯಿಂದ. "ಆ ಅರ್ಧ ಅಕ್ಷರ ಕೂತ್ಕೊಳ್ಳೋಕೆ ಒಂದು ವಾರ ಸಿಕ್ತು."

ಸಂಜೆ ರಂಗನಾಯಕಿ ಔಷಧಿ ಅಂಗಡಿಗೆ ಹೋಗಿ ಇನ್ನೊಂದು ಪಟ್ಟಿ ತಂದಳು.

ಎರಡನೆಯ ವಾರ ಹುಡುಗಿಯ ಮುಖ ಊದಿಕೊಂಡಿತು. ತಿಂದದ್ದು ನಿಲ್ಲುತ್ತಿರಲಿಲ್ಲ. ಮೃದಂಗದ ಮುಂದೆ ಕೂತರೆ ಬೆವರು ಸುರಿಯುತ್ತಿತ್ತು. ಅಪ್ಪಾಜಿಗೆ ಮಾತ್ರೆಯ ವಿಷಯ ಯಾರೂ ಹೇಳಿರಲಿಲ್ಲ, ಅದು ಗಂಡಸರಿಗೆ ಹೇಳುವ ವಿಷಯವಲ್ಲ. ಅವರು ಇದು ಸ್ಪರ್ಧೆಯ ಭಯ ಎಂದುಕೊಂಡು, "ವೇದಿಕೆ ಅಂದ್ರೆ ನಮ್ಮ ನಡುಮನೆ ಥರಾನೇ ಕಣಮ್ಮ, ಸ್ವಲ್ಪ ಎತ್ತರ ಇರತ್ತೆ ಅಷ್ಟೆ," ಎಂದು ಸಮಾಧಾನ ಮಾಡುತ್ತಿದ್ದರು. ಆದರೂ ಆ ವಾರದಲ್ಲೇ ಒಂದು ಬೆಳಿಗ್ಗೆ, ಮೂರನೆಯ ಸಲದ ಅರ್ಧ ಅಕ್ಷರ ತಾನಾಗಿಯೇ ಬಂದು ಕೂತಿತು. ಶ್ರೀಗೌರಿ ತಾಳದ ಸಮಕ್ಕೆ ಬಂದು ನಿಲ್ಲಿಸಿದಾಗ ಅಪ್ಪಾಜಿ ತಾಳ ಹಾಕುತ್ತಿದ್ದ ಕೈಯನ್ನು ತೊಡೆಯ ಮೇಲೆಯೇ ಬಿಟ್ಟರು.

"ವಿಶ್ವಾಸಾ, ಕೇಳಿದ್ಯೇನೋ?"

"ಕೇಳ್ದೆ ಸಾರ್."

"ಇನ್ನು ನಾನು ಸತ್ರೂ ಚಿಂತೆ ಇಲ್ಲ."

"ಬೆಳಗಾಗೆದ್ದು ಎಂಥಾ ಮಾತು!" ನಂಜಮ್ಮ ಒಳಗಿನಿಂದ ಗದರಿದರು.

ಶುಕ್ರವಾರ ಮಧ್ಯಾಹ್ನ ಶಾಲೆಯಿಂದ ಹುಡುಗಿಯನ್ನು ಕರೆದುಕೊಂಡು ಬಂದದ್ದು ಮುದ್ದಮ್ಮ. ಹರದನಹಳ್ಳಿಯಿಂದ ಬಂದು ನಾಲ್ಕಾರು ಮನೆ ಪಾತ್ರೆ ತೊಳೆಯುವ ಹೆಂಗಸು.

"ಅಮ್ಮಾರೆ, ಇಸ್ಕೂಲ್ ತಾವ ಕಲ್ಲಿನ್ ಮ್ಯಾಲೆ ಕುಂತಿತ್ತು ಮಗ. ತಲೆ ಸುತ್ ಬಂದು ಬಿದ್ದೋಗಿತ್ತಂತೆ. ಮೇಡಮ್ಮು ನನ್ ಕೈಲಿ ಕೊಟ್ಟು ಕಳುಸುದ್ರು. ಏನ್ ತಿನ್ನಕ್ ಕೊಟ್ಟಿದ್ರಿ? ಮಖ ನೋಡಿ, ದೋಸೆ ಇಟ್ಟು ಉಬ್ದಂಗೆ ಉಬ್ಬದೆ."

"ಪರೀಕ್ಷೆ ಭಯ," ಅಂದಳು ರಂಗನಾಯಕಿ.

"ಪರೀಕ್ಸೆಗೆ ಮಕ್ಳು ಸಣ್ಣಾಯ್ತವೆ ಕಣ್ರವ್ವ, ಊದ್ಕಂಡದ್ದು ನಾ ಕಾಣೆ," ಎಂದು ಮುದ್ದಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಹಿತ್ತಿಲಿಗೆ ಹೋದಳು.

ಸಂಜೆ ಶ್ರೀಕಂಠ ಬಂದವನು ಮಗಳನ್ನು ನೋಡಿ, ಮಾತ್ರೆಯ ವಿಷಯ ಅವಳ ಬಾಯಿಂದಲೇ ತಿಳಿದು ಕೂಗಾಡಿದ. "ಯಾರನ್ನ ಕೇಳಿ ಕೊಟ್ಟೆ? ಡಾಕ್ಟ್ರನ್ನ ಕೇಳಿದ್ಯಾ? ನನ್ನನ್ನ ಕೇಳಿದ್ಯಾ?"

"ನಾನು ತಗೊಳ್ಳೋವಾಗ ನೀವು ಯಾವತ್ತಾದ್ರೂ ಕೇಳಿದ್ರಾ?"

"ಅದೇ ಬೇರೆ, ಇದೇ ಬೇರೆ."

"ಹೇಗೆ ಬೇರೆ?"

ಅವನು ಕಾಲು ತೊಳೆಯಲು ಹೋದ. ರಂಗನಾಯಕಿ ಉಳಿದ ಮಾತ್ರೆಗಳನ್ನು ತೆಗೆದು ಬಚ್ಚಲ ಹಂಡೆಯ ಒಲೆಗೆ ಹಾಕಿದಳು. ಪ್ಲಾಸ್ಟಿಕ್ಕು ಸುಟ್ಟ ವಾಸನೆ ಬಂತು. ನಿಲ್ಲಿಸಿದ ಮೇಲೂ ಕೆಲವು ದಿನ ತಡವಾಗಿಯೇ ಬರುವುದು, ತನಗೆ ಹಾಗೇ ಆಗುತ್ತಿತ್ತು. ಭಾನುವಾರ ಒಂದು ದಾಟಿದರೆ ಸಾಕು. ಅವಳು ಅದನ್ನೇ ಬೇಡಿಕೊಳ್ಳುತ್ತಾ ಆ ಎರಡು ದಿನ ಅಡುಗೆ ಮಾಡಿದಳು. ಒಂದು ಸಲ ಸಾರಿಗೆ ಉಪ್ಪನ್ನೇ ಹಾಕಿರಲಿಲ್ಲ.

ಭಾನುವಾರ ಬೆಳಕು ಹರಿಯುವ ಮುಂಚೆ ಶ್ರೀಗೌರಿ ಬಚ್ಚಲಿನಿಂದ ಅಮ್ಮನನ್ನು ಕರೆದಳು. ಧ್ವನಿ ಕೇಳಿದ ಕೂಡಲೇ ರಂಗನಾಯಕಿಗೆ ಗೊತ್ತಾಯಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು.

"ಈಗೇನಮ್ಮ ಮಾಡೋದು?"

ರಂಗನಾಯಕಿ ಮಗಳ ಮುಖವನ್ನು ಎರಡು ಕೈಯಲ್ಲಿ ಹಿಡಿದಳು. "ಏನೂ ಮಾಡೋದಿಲ್ಲ. ಸ್ನಾನ ಮಾಡು. ಹೊಸ ಲಂಗ ಹಾಕ್ಕೋ. ಮೃದಂಗ ತಗೊಂಡು ಹೋಗು, ನುಡಿಸು, ಬಾ. ಯಾರಿಗೂ ಹೇಳ್ಬೇಡ."

"ಅಜ್ಜಿಗೆ?"

"ಅಜ್ಜಿಗೂ ಬೇಡ."

"ತಾತನಿಗೆ?"

"ಬೇಡ ಕಣೇ. ಪಾಪ ಬಂದ್ರೆ ನನ್ನ ತಲೆ ಮೇಲೆ ಬರ್ಲಿ. ನಾನು ಹೇಳಿದ್ದು ತಾನೇ?"

ಹುಡುಗಿ ತಲೆ ಆಡಿಸಿದಳು.

ರೈಲಿಗೆ ಎಂದು ರಂಗನಾಯಕಿ ಚಿತ್ರಾನ್ನವನ್ನು ಡಬ್ಬಿಗೆ ತುಂಬುತ್ತಿದ್ದಳು. ದೇವರ ಮನೆಯಲ್ಲಿ ಅಪ್ಪಾಜಿ ಮೃದಂಗಕ್ಕೆ ಗಂಧ ಕುಂಕುಮ ಹಚ್ಚಿ ಮಂಗಳಾರತಿ ಎತ್ತಿ, "ಬಾಮ್ಮ ಶ್ರೀಗೌರಿ, ನಮಸ್ಕಾರ ಮಾಡಿ ನೀನೇ ಎತ್ಕೋ. ಇವತ್ತು ಅದು ನಿನ್ನದು," ಎಂದು ಕರೆದರು.

ಹುಡುಗಿ ಹೊಸ್ತಿಲವರೆಗೆ ಬಂದಳು. ಅಲ್ಲಿಯೇ ನಿಂತಳು. ರಂಗನಾಯಕಿ ಡಬ್ಬಿಯ ಮುಚ್ಚಳ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತು ಮಗಳ ಬೆನ್ನನ್ನು ನೋಡುತ್ತಿದ್ದಳು. ಒಂದು ಹೆಜ್ಜೆ. ಒಂದೇ ಹೆಜ್ಜೆ ಇಟ್ಟುಬಿಡು ತಾಯಿ.

"ಬಾ ಅಂದ್ನಲ್ಲ. ಯಾಕೆ ಅಲ್ಲೇ ನಿಂತೆ?"

"ತಾತಾ... ನಾನು ಹೊರಗಾಗಿದೀನಿ ತಾತ."

ಮಂಗಳಾರತಿ ತಟ್ಟೆ ಹಿಡಿದ ಅಪ್ಪಾಜಿಯವರ ಕೈ ಹಾಗೆಯೇ ನಿಂತಿತು. ನಂಜಮ್ಮ ತುಳಸಿ ನೀರಿನ ಚೊಂಬು ಹಿಡಿದುಕೊಂಡು ಬಂದವರು, "ಅಯ್ಯೋ ರಾಮ," ಎಂದು ಎರಡು ಹೆಜ್ಜೆ ಹಿಂದೆ ಸರಿದರು.

"ಯಾವಾಗ?" ಅಪ್ಪಾಜಿ ಕೇಳಿದರು.

"ಬೆಳಿಗ್ಗೆ."

"ಹೇಳ್ದೆ ಇದ್ದಿದ್ರೆ..." ಎಂದು ಏನೋ ಹೇಳಲು ಹೋಗಿ ನಿಲ್ಲಿಸಿದರು.

"ಸುಳ್ಳು ಇಟ್ಕೊಂಡು ಕೂತ್ರೆ ಕೈ ಬೀಳಲ್ಲ ಅಂತ ನೀವೇ ಹೇಳಿದ್ರಲ್ಲ ತಾತ," ಎಂದು ಹುಡುಗಿ ಅಳತೊಡಗಿದಳು. "ನೀವು ಹೂಂ ಅಂದ್ರೆ ನುಡಿಸ್ತೀನಿ. ಹೂಂ ಅನ್ನಿ ತಾತ."

ರಂಗನಾಯಕಿ ಡಬ್ಬಿಯನ್ನು ಕೆಳಗಿಟ್ಟು ನಡುಮನೆಗೆ ಬಂದಳು. ಹದಿನಾರು ವರ್ಷದಲ್ಲಿ ಅವಳು ಮಾವನ ಎದುರು ಧ್ವನಿ ಎತ್ತಿದವಳಲ್ಲ.

"ಹೂಂ ಅನ್ನಿ ಮಾವ."

"ರಂಗನಾಯಕೀ, ನಿನಗೆ ಗೊತ್ತಿಲ್ದೆ ಇರೋದಾ ಇದು?"

"ಅದರ ಮೇಲಿರೋದು ದನದ ಚರ್ಮ, ಆಡಿನ ಚರ್ಮ. ಸತ್ತ ದನದ ಚರ್ಮ ದೇವರ ಮನೇಲಿ ಇರಬಹುದು, ಜೀವ ಇರೋ ನನ್ನ ಮಗಳು ಅದನ್ನ ಮುಟ್ಟಬಾರದು. ಹೌದಲ್ವಾ?"

"ಏನೇ ಇದು, ಯಾರ ಹತ್ರ ಮಾತಾಡ್ತಿದೀಯ!" ನಂಜಮ್ಮ ಕೂಗಿದರು.

ಅಪ್ಪಾಜಿಯವರ ಮುಖ ಬಿಳಿಚಿತ್ತು. "ಪೂಜೆ ಮಾಡಿದ ಮೇಲೆ ಅದು ಚರ್ಮ ಅಲ್ಲಮ್ಮ," ಎಂದರು ನಿಧಾನವಾಗಿ. "ನನ್ನ ಗುರುಗಳು ಇದನ್ನ ಕೊಡೋವಾಗ ಮೈಲಿಗೆ ಸೋಕಿಸಲ್ಲ ಅಂತ ಪ್ರಮಾಣ ಮಾಡಿಸ್ಕೊಂಡು ಕೊಟ್ಟರು. ನಾನೇನು ಮಾಡ್ಲಿ?"

"ರೀ, ನೀವಾದ್ರೂ ಹೇಳಿ," ಎಂದು ಅವಳು ಗಂಡನ ಕಡೆ ತಿರುಗಿದಳು.

ಶ್ರೀಕಂಠ ಶರ್ಟಿನ ಗುಂಡಿ ಹಾಕುತ್ತಿದ್ದ. "ಅಪ್ಪನ ಮೃದಂಗ. ನಾನೇನು ಹೇಳೋದು? ಮುಂದಿನ ವರ್ಷ ನೋಡಿದ್ರಾಯ್ತು."

"ಮುಂದಿನ ವರ್ಷ ನನಗೆ ಹದಿನಾಲ್ಕು ತುಂಬಿರತ್ತೆ," ಎಂದಳು ಶ್ರೀಗೌರಿ. "ದೊಡ್ಡವರ ಜೊತೆ ಸೇರಿಸ್ತಾರೆ. ಕಚೇರಿ ಮಾಡೋ ಹುಡುಗರು ಬರ್ತಾರೆ ಅದರಲ್ಲಿ."

ಆಗ ಬೀದಿ ಬಾಗಿಲಲ್ಲಿ ಸೈಕಲ್ಲಿನ ಗಂಟೆ ಬಾರಿಸಿತು. ವಿಶ್ವಾಸ್ ತನ್ನ ಮೃದಂಗದ ಚೀಲ ಹೊತ್ತು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದ. ಸ್ಪರ್ಧೆಗೆ ಅವನ ಹೆಸರನ್ನೂ ಅಪ್ಪಾಜಿ ಕೊಟ್ಟಿದ್ದರು. "ಸಾರ್, ರೈಲಿಗೆ ಹೊತ್ತಾಯ್ತು," ಎಂದವನು ಎಲ್ಲರ ಮುಖ ನೋಡಿ, ತಪ್ಪೊಪ್ಪಿಕೊಳ್ಳುವವನಂತೆ, "ಸಾರ್, ಚಳಿಗೆ ನನ್ನದರ ಶ್ರುತಿ ಇಳಿದುಬಿಟ್ಟಿದೆ. ಬಲಗಡೆ ನಿಲ್ತಾನೇ ಇಲ್ಲ," ಎಂದ.

ಅಪ್ಪಾಜಿ ಬಹಳ ಹೊತ್ತು ದೇವರ ಮನೆಯಲ್ಲಿ ಬೆನ್ನು ಹಾಕಿ ನಿಂತರು. ಬಗ್ಗಿ ಮೃದಂಗ ಎತ್ತಿದರು. ಮೊಮ್ಮಗಳಿಂದ ದೂರ ಸರಿದು, ಗೋಡೆಯ ಬದಿಯಿಂದ ಬಂದು, ಅದನ್ನು ಹುಡುಗನ ಕೈಗೆ ಕೊಟ್ಟರು. "ಇದನ್ನ ತಗೊ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆ ಕಣ್ಣೀರನ್ನು ನೋಡಿದಾಗ ರಂಗನಾಯಕಿಗೆ ಹುಟ್ಟಿದ ಸಿಟ್ಟು, ಅವರು ಕಲ್ಲಿನಂತೆ ಇದ್ದಿದ್ದರೆ ಹುಟ್ಟುತ್ತಿರಲಿಲ್ಲ.

ಅವರು ಹೋದ ಮೇಲೆ ನಂಜಮ್ಮ ಹೊಸ್ತಿಲಿಗೆ ನೀರು ಹಾಕಿ ಒರೆಸಿದರು. ಶ್ರೀಗೌರಿ ಬೀದಿ ಕೋಣೆಯಲ್ಲಿ ಹೊಸ ಲಂಗದಲ್ಲೇ ಮಲಗಿದಳು. ರಂಗನಾಯಕಿ ಅವಳ ತಟ್ಟೆಗೆ ಚಿತ್ರಾನ್ನ ಹಾಕಿ ಇಟ್ಟಳು. ಸಂಜೆಯವರೆಗೂ ಅದು ಹಾಗೆಯೇ ಇತ್ತು.

"ಯಾಕೆ ಹೇಳಿದೆ?" ಎಂದು ಒಮ್ಮೆ ಕೇಳಿದಳು.

"ತಾತ ಹೂಂ ಅಂತಾರೆ ಅಂದ್ಕೊಂಡಿದ್ದೆ," ಎಂದಳು ಮಗಳು, ಗೋಡೆಯ ಕಡೆ ತಿರುಗಿ.

ಸಂಜೆ ವಿಶ್ವಾಸ್ ಓಡುತ್ತಲೇ ಬಂದ. ಕೈಯಲ್ಲಿ ಪೇಡದ ಪೊಟ್ಟಣ, ಹಿತ್ತಾಳೆ ಬಣ್ಣದ ಕಪ್ಪು. ಎರಡನೇ ಬಹುಮಾನ. ಹಿಂದೆ ಅಪ್ಪಾಜಿ ಮೃದಂಗ ಹಿಡಿದು ಯಾರನ್ನೂ ನೋಡದೆ ಒಳಗೆ ಹೋದರು. ಹುಡುಗನಿಗೆ ಖುಷಿ ತಡೆಯಲಾಗದೆ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ, "ಶ್ರೀ, ನಿನ್ನ ಕೋರ್ವೆನೇ ನುಡಿಸ್ದೆ ಕಣೇ! ಜಡ್ಜ್ ಒಬ್ಬರು ಇದು ಯಾರು ಕಟ್ಟಿದ್ದು ಅಂತ ಕೇಳಿದ್ರು!"

ಶ್ರೀಗೌರಿ ಎದ್ದು ಕೂತಳು. "ಮೂರನೇ ಸಲ?"

"ಅದು... ಬಿಡ್ಲಿಲ್ಲ. ನೇರ ಎತ್ಕೊಂಡ್ಬಿಟ್ಟೆ. ಭಯ ಆಯ್ತು."

"ಬಿಡ್ಬೇಕಿತ್ತು," ಎಂದು ಅವಳು ಮತ್ತೆ ಮಲಗಿದಳು.

ಆ ಮೇಲೆ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿರುತ್ತಿತ್ತು. ನಾಲ್ಕನೆಯ ದಿನ ಶ್ರೀಗೌರಿ ತಲೆಗೆ ಸ್ನಾನ ಮಾಡಿ ಒಳಗೆ ಬಂದಳು. ಮರುದಿನ ಬೆಳಿಗ್ಗೆ ಅಪ್ಪಾಜಿ ಚಾಪೆ ಹಾಸಿ, "ಬಾಮ್ಮ," ಎಂದು ಕರೆದರು.

"ಟ್ಯೂಷನ್ ಇದೆ ತಾತ."

"ಎಷ್ಟು ಹೊತ್ತಿಗೆ?"

"ಈಗ."

ಶ್ರೀಕಂಠ ಮಾತು ತಪ್ಪಿರಲಿಲ್ಲ, ಬೆಳಿಗ್ಗೆಯ ಟ್ಯೂಷನ್ನಿಗೆ ಸೇರಿಸಿದ್ದ. ಹುಡುಗಿ ಒಂದು ಮಾತೂ ಎದುರಾಡದೆ ಹೋಗುತ್ತಿದ್ದಳು. ಮೊದಲು ಅವಳ ಬೆರಳು ಸುಮ್ಮನೆ ಇರುತ್ತಿರಲಿಲ್ಲ. ತಟ್ಟೆಯ ಮೇಲೆ, ಕಿಟಕಿಯ ಸರಳಿನ ಮೇಲೆ, ಅಮ್ಮನ ಬೆನ್ನಿನ ಮೇಲೆ ಜತಿ ನುಡಿಯುತ್ತಿದ್ದಳು. "ಕೈಗೆ ಹುಳ ಹತ್ತಿದೆ," ಎಂದು ಅಜ್ಜಿ ಬೈಯುತ್ತಿದ್ದರು. ಈಗ ಊಟಕ್ಕೆ ಕೂತಾಗ ಎಡಗೈ ಮಡಿಲಲ್ಲಿ ಸತ್ತಂತೆ ಬಿದ್ದಿರುತ್ತಿತ್ತು. ನಂಜಮ್ಮನೇ ಒಂದು ದಿನ, "ಏನಾದ್ರೂ ಕುಟ್ಟೇ, ಮನೆ ಭಣ ಭಣ ಅನ್ನತ್ತೆ," ಎಂದರು. ಹುಡುಗಿ ನಕ್ಕು ಎದ್ದು ಹೋದಳು.

ವಿಶ್ವಾಸ್ ಒಬ್ಬನೇ ಪಾಠಕ್ಕೆ ಬರುತ್ತಿದ್ದ. ಅಪ್ಪಾಜಿ ಅವನ ತಪ್ಪು ತಿದ್ದುವುದನ್ನು ಕಡಿಮೆ ಮಾಡಿದ್ದರು. ಹುಳಿ ಸಪ್ಪೆಯಾದರೂ, ಅನ್ನ ಮುದ್ದೆಯಾದರೂ ಏನೂ ಅನ್ನುತ್ತಿರಲಿಲ್ಲ. ಒಮ್ಮೆ ಸೊಸೆ ಕಾಫಿ ತಂದಿಟ್ಟಾಗ, "ನನ್ನ ಮೇಲೆ ಸಿಟ್ಟೇನಮ್ಮಾ?" ಎಂದು ಕೇಳಿದರು.

"ಇಲ್ಲ ಮಾವ," ಎಂದಳು ಅವಳು.

"ಅವಳಿಗೆ ಹೇಳು. ಇನ್ನೊಂದು ಹೊಸ ಕೋರ್ವೆ ಕಟ್ಟಿದೀನಿ."

"ಹೇಳ್ತೀನಿ."

ಹೇಳಿದಳು. ಶ್ರೀಗೌರಿ ಜಾಮೆಟ್ರಿ ಪೆಟ್ಟಿಗೆಯಿಂದ ತಲೆ ಎತ್ತದೆ, "ವಿಶ್ವಾಸನಿಗೆ ಕೊಡ್ಲಿ," ಎಂದಳು. ಹುಡುಗಿಯ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಅದನ್ನು ಕೇಳಿದ ಮೇಲೆ ರಂಗನಾಯಕಿ ಹಿತ್ತಿಲ ಬಾವಿಕಟ್ಟೆಯ ಮೇಲೆ ಕೂತು, ಮುದ್ದಮ್ಮ ಬರುವವರೆಗೂ ಅತ್ತಳು.

ಪುಷ್ಯ ಮಾಸದಲ್ಲಿ ಅಪ್ಪಾಜಿಯವರ ತಾಯಿಯ ತಿಥಿ ಬಂತು. ವರ್ಷದ ದೊಡ್ಡ ಮಡಿಯ ದಿನ. ಹಿಂದಿನ ಸಂಜೆಯೇ ರಂಗನಾಯಕಿ ಹತ್ತಿಯ ಸೀರೆ ನೆನೆಸಿ, ಯಾರೂ ಮುಟ್ಟದಂತೆ ಅಟ್ಟದ ಗಳುವಿನ ಮೇಲೆ ಹರವಿದ್ದಳು. ನಂಜಮ್ಮನ ಮಂಡಿ ಏಳಲು ಬಿಡುತ್ತಿರಲಿಲ್ಲ. ವಡೆ, ಎಳ್ಳುಂಡೆ, ಹಾಗಲಕಾಯಿ ಗೊಜ್ಜು, ಪಾಯಸ, ಎಲ್ಲವೂ ಸೊಸೆಯ ಕೈಯಿಂದಲೇ ಆಗಬೇಕು. ವೈದಿಕರು ಬರುವ ಹೊತ್ತಿಗೆ ಅಡುಗೆ ಇಳಿದಿರಬೇಕು. ತೀರಿಹೋದ ಹಿರಿಯರು ಆ ಅನ್ನವನ್ನೇ ಬಂದು ಉಣ್ಣುತ್ತಾರೆ.

ಬೆಳಿಗ್ಗೆ ಬಚ್ಚಲಲ್ಲಿ ಮೊದಲ ಚೊಂಬು ನೀರು ಸುರಿದುಕೊಳ್ಳುವಾಗ ಅವಳು ನೋಡಿದಳು. ಕಲ್ಲಿನ ಮೇಲೆ ಹರಿದ ನೀರು ತಿಳಿಗೆಂಪಾಗಿ ತೂಬಿನ ಕಡೆ ಹೋಯಿತು. ಕೈಯಲ್ಲಿ ಚೊಂಬು ಹಿಡಿದುಕೊಂಡು ಅದನ್ನೇ ನೋಡುತ್ತಾ ನಿಂತಳು. ಬಾಗಿಲು ತೆರೆದು ಒಂದು ಮಾತು ಹೇಳಿದರೆ ಸಾಕು. ಅತ್ತೆ ಹಣೆ ಚಚ್ಚಿಕೊಳ್ಳುತ್ತಾರೆ, ಅಡುಗೆಯವರಿಗಾಗಿ ಶ್ರೀಕಂಠ ಓಡುತ್ತಾನೆ. ಅವಳು ಬೀದಿ ಕೋಣೆಯ ಚಾಪೆಗೆ ಹೋಗಿ ಕೂರಬಹುದು. ಬೆನ್ನು ನೋಯುತ್ತಿತ್ತು, ಕೂತರೆ ಹಾಯೆನಿಸುತ್ತಿತ್ತು ಕೂಡ.

ಹೊರಗೆ ಊರುಗೋಲಿನ ಸದ್ದಾಯಿತು.

"ರಂಗನಾಯಕೀ, ಸ್ನಾನ ಆಯ್ತೇನೇ?"

"ಆಯ್ತು ಅತ್ತೆ."

"ಎಲ್ಲಾ ಸರಿಯಾಗಿದೆ ತಾನೇ? ಯಾಕೋ ಇಷ್ಟು ಹೊತ್ತು ಮಾಡಿದ್ಯಲ್ಲಾ ಅಂತ ಕೇಳ್ದೆ."

ರಂಗನಾಯಕಿ ಇನ್ನೊಂದು ಚೊಂಬು ನೀರು ಹಾಕಿ ಕಲ್ಲನ್ನು ತೊಳೆದಳು. ನೀರು ತಿಳಿಯಾಗುವವರೆಗೂ ಹಾಕಿದಳು. ಇದರಿಂದ ಮಗಳಿಗೆ ಏನೂ ವಾಪಸು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ನಡುಮನೆಯ ಚಾಪೆ ಹಾಗೆಯೇ ಸುತ್ತಿಟ್ಟಿರುತ್ತದೆ. ಆದರೆ ಇನ್ನು ಮೇಲೆ, ತಾನು ಈ ಮನೆಯಲ್ಲಿ ಇರುವಷ್ಟು ದಿನ, ತನ್ನ ಮೈಯ ಲೆಕ್ಕ ಈ ಮನೆಯವರಿಗೆ ಸಿಗುವುದಿಲ್ಲ.

"ಎಲ್ಲಾ ಸರಿಯಾಗಿದೆ ಅತ್ತೆ," ಎಂದಳು.

ಮಡಿ ಸೀರೆ ಉಟ್ಟು, ಒದ್ದೆ ಕೂದಲು ಗಂಟು ಹಾಕಿ, ಕೊಡ ತುಂಬಿಸಿಕೊಂಡು ಒಳಗೆ ಬಂದಳು. ದೇವರ ಮನೆಯಲ್ಲಿ ಅಪ್ಪಾಜಿ ದರ್ಭೆ ಬಿಡಿಸುತ್ತಾ ಕೂತಿದ್ದರು. "ದೀಪ ಹಚ್ಚಿಬಿಡಮ್ಮ," ಎಂದರು. ಅವಳು ಹೊಸ್ತಿಲು ದಾಟಿ ಒಳಗೆ ಹೋಗಿ ದೀಪ ಹಚ್ಚಿದಳು. ನಂತರ ಅಡುಗೆಮನೆಗೆ ಬಂದು ಉದ್ದಿನಬೇಳೆಯನ್ನು ರುಬ್ಬುವ ಕಲ್ಲಿಗೆ ಹಾಕಿ, ಗುಂಡು ತಿರುಗಿಸತೊಡಗಿದಳು.